ಕೋಟೆ ಉಳಿಸಲು ಊರನ್ನೇ ಎಬ್ಬಿಸಬೇಕೆ?

ಜೈಸಲ್ಮೇರ್ ಕೋಟೆ ಶಿಥಿಲವಾಗುತ್ತಿದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ರಾಜಸ್ಥಾನದ ಪಶ್ಚಿಮದ ಅಂಚಿನಲ್ಲಿ, ಪಾಕಿಸ್ತಾನದ ಗಡಿಗೆ ಹೊಂದಿಕೊಂಡಿರುವ ಮರುಭೂಮಿ ಜಿಲ್ಲೆಯ ಈ ಕೋಟೆಯನ್ನು ಭಾಟಿ ರಜಪೂತರ ರಾವಲ್ ಜೈಸಲ್ 1156ರಲ್ಲಿ ತ್ರಿಕೂಟವೆಂಬ ಗುಡ್ಡದ ಮೇಲೆ ಕಟ್ಟಿಸಲು ತೊಡಗಿದ. ಅದರ 99 ಬುರುಜುಗಳಲ್ಲಿ ಹಲವು ಬಿರುಕು ಬಿಟ್ಟಿವೆ. 1990ರ ದಶಕದ ಕೊನೆಯಿಂದ ಈಚೆಗೆ ಕೆಲವು ಕುಸಿದೂ ಬಿದ್ದಿವೆ. 2024ರ ಆಗಸ್ಟ್ ಮಳೆಯಲ್ಲಿ ಗೋಡೆಯ ಒಂದು ಭಾಗ ಉರುಳಿತು. ತಕರಾರು ಇರುವುದು ರೋಗದ ಮೂಲ ಯಾವುದು, ಮದ್ದು ಯಾವುದು ಎಂಬಲ್ಲಿ.

ಬಹುಮಂದಿ ಒಪ್ಪಿಕೊಂಡಿರುವ ಉತ್ತರ ಹೀಗಿದೆ. ಕೋಟೆಯೊಳಗೆ ಇಂದಿಗೂ ಕೆಲವು ಸಾವಿರ ಜನ ಸಂಸಾರ ಹೂಡಿಕೊಂಡಿದ್ದಾರೆ. ಅವರ ಬಚ್ಚಲು, ಕಕ್ಕಸು, ಅಂಗಡಿಗಳ ಭಾರಕ್ಕೆ ಕೋಟೆ ಕುಸಿಯುತ್ತಿದೆ. ಅವರಿಗೆ ಪರಿಹಾರ ಕೊಟ್ಟು ಕೆಳಗಿನ ಊರಿಗೆ ಕಳಿಸಿ, ಕೋಟೆಯನ್ನು ಶುದ್ಧ ಸ್ಮಾರಕವಾಗಿ ಕಾಪಾಡಬೇಕು. ಸಂರಕ್ಷಣೆಯ ಸಭೆಗಳಲ್ಲಿ ಈ ಮಾತು ಗಂಭೀರವಾಗಿ ಬರುತ್ತದೆ. ಪ್ರವಾಸಿಗರ ಬಾಯಲ್ಲಿ ಅದು ಗೊಣಗಾಟವಾಗುತ್ತದೆ: ಚಿನ್ನದ ಬಣ್ಣದ ಗೋಡೆ ನೋಡಲು ಬಂದವರಿಗೆ ಅದರ ಮೇಲೆ ಒಣಹಾಕಿದ ಸೀರೆ, ಓಣಿಯ ನಡುವೆ ಮಲಗಿದ ದನ, ಬಾಗಿಲಲ್ಲಿ ನಿಂತ ಮೋಟರ್ ಸೈಕಲ್ಲು ಕಣ್ಣಿಗೆ ಚುಚ್ಚುತ್ತವೆ. ಕೋಟೆಯೊಳಗೆ ತಂಗಬೇಡಿ ಎಂದು ಕೆಲವು ಹೆಸರಾಂತ ಪ್ರವಾಸ ಕೈಪಿಡಿಗಳು ವರ್ಷಗಳ ಹಿಂದೆಯೇ ಬುದ್ಧಿ ಹೇಳಿದವು. ಆ ಬುದ್ಧಿಮಾತಿನಲ್ಲಿ ಹುರುಳಿದೆ. ಆದರೆ ಅತಿಥಿ ತಂಗಬಾರದು ಎಂಬುದರಿಂದ ಮನೆಯವನೂ ಇರಬಾರದು ಎಂಬ ತೀರ್ಮಾನಕ್ಕೆ ಜಿಗಿಯುವುದು ತರ್ಕವಲ್ಲ. ಕೋಟೆಯನ್ನು ಖಾಲಿ ಮಾಡಿಸುವ ವಾದ ನಿಂತಿರುವುದು ಈ ಜಿಗಿತದ ಮೇಲೆಯೇ.

ವಾದದ ಮೊದಲ ತಪ್ಪು ಇತಿಹಾಸದ್ದು. ಕೋಟೆಯೆಂದರೆ ಸೈನ್ಯದ ನೆಲೆ, ಜನ ಆಮೇಲೆ ಒಳಗೆ ನುಸುಳಿದವರು ಎಂದು ಅದು ಭಾವಿಸುತ್ತದೆ. ಜೈಸಲ್ಮೇರ್ ಹಾಗೆ ಹುಟ್ಟಲೇ ಇಲ್ಲ. ಭಾಟಿಗಳ ಹಳೆಯ ರಾಜಧಾನಿ ಲೋಧ್ರುವಾ ಸುಮಾರು 15 ಕಿಲೋಮೀಟರ್ ದೂರದ ಬಯಲಿನಲ್ಲಿತ್ತು. ದಾಳಿಗಳಿಗೆ ತೆರೆದುಕೊಂಡ ಆ ಜಾಗ ಬಿಟ್ಟು ಜೈಸಲ್ ಗುಡ್ಡ ಹತ್ತಿದಾಗ ರಾಜಧಾನಿಯೇ ಅವನ ಜೊತೆ ಮೇಲೇರಿತು. ಅಖೈ ಪೋಲ್, ಸೂರಜ್ ಪೋಲ್, ಗಣೇಶ ಪೋಲ್, ಹವಾ ಪೋಲ್ ಎಂಬ ನಾಲ್ಕು ಅಗಸೆಬಾಗಿಲುಗಳನ್ನು ದಾಟಿ ದಸರಾ ಚೌಕಕ್ಕೆ ಬಂದರೆ ಒಂದು ಬದಿಗೆ ಅರಮನೆ; ಉಳಿದ ಕಡೆಗೆಲ್ಲ ಪಾಡಾ ಎಂದು ಕರೆಸಿಕೊಳ್ಳುವ ಕೇರಿಗಳು: ವ್ಯಾಸ ಪಾಡಾ, ಕೋಟ್ರಿ ಪಾಡಾ, ಕುಂಡ ಪಾಡಾ, ಢಿಬ್ಬಾ ಪಾಡಾ. ಲಕ್ಷ್ಮೀನಾಥನ ಗುಡಿಗೆ ಬೆಳಗ್ಗೆ ಹೋಗುವವರು ಈ ಕೇರಿಗಳವರು. 12ರಿಂದ 16ನೆಯ ಶತಮಾನದ ನಡುವೆ ಎದ್ದ ಜೈನ ಬಸದಿಗಳೂ, ಅವುಗಳ ಕೆಳಗೆ ತಾಳೆಗರಿಗಳನ್ನು ಕಾಪಿಟ್ಟ ಜ್ಞಾನಭಂಡಾರವೂ ಕೋಟೆಯ ಒಳಗೇ ಇವೆ. ಗ್ರಂಥಭಂಡಾರವನ್ನು ಯಾರೂ ಸೈನ್ಯದ ಬಿಡಾರದಲ್ಲಿ ಇಡುವುದಿಲ್ಲ. ಜನ ಬದುಕುವ ಊರಿಗೆ ಗೋಡೆ ಕಟ್ಟಿದ್ದರಿಂದ ಅದು ಕೋಟೆಯಾಯಿತು. ಗೋಡೆಯ ನೆಪ ಹೇಳಿ ಊರನ್ನು ಎಬ್ಬಿಸುವುದೆಂದರೆ ಕಟ್ಟಿದವರ ಉದ್ದೇಶವನ್ನೇ ತಲೆಕೆಳಗು ಮಾಡಿದಂತೆ.

ಕಟ್ಟಡದ ರೀತಿ ನೋಡಿದರೂ ಇದೇ ತಿಳಿಯುತ್ತದೆ. ಗುಡ್ಡದ ಇಳಿಜಾರು ಜಾರದಂತೆ ಕೆಳಗೆ ಒಂದು ಸುತ್ತು ಕಲ್ಲಿನ ತಡೆಗೋಡೆ, ಅದರ ಮೇಲೆ ಬುರುಜುಗಳ ಗೋಡೆ, ಅದರ ಒಳಗೆ ಇನ್ನೊಂದು. ಒಳಗಿನ ಎರಡು ಗೋಡೆಗಳ ನಡುವಿನ ಕಿರುದಾರಿಗೆ ಮೋರಿ ಎಂದು ಹೆಸರು; ಕನ್ನಡದ ಮೋರಿಯಲ್ಲ, ಕಾವಲಿನವರು ಓಡಾಡುವ ದಾರಿ. ಕಲ್ಲುಗಳನ್ನು ಬಹುಮಟ್ಟಿಗೆ ಗಾರೆಯಿಲ್ಲದೆ, ಒಂದಕ್ಕೊಂದು ಕಚ್ಚಿಸಿ ಕೂರಿಸಿದ್ದಾರೆ. ಹಲವು ಮನೆಗಳ ಹಿಂಗೋಡೆ ಕೋಟೆಯ ಗೋಡೆಗೇ ಆತುಕೊಂಡಿದೆ. ಇಂಥ ಕಟ್ಟಡದಲ್ಲಿ ಒಂದು ಕಲ್ಲು ಸಡಿಲವಾದರೆ ಮೊದಲು ಗೊತ್ತಾಗುವುದು ಆ ಮನೆಯಲ್ಲಿ ಮಲಗುವವರಿಗೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಬಿರುಕಿಗೆ ಸುಣ್ಣ ತುಂಬಿ, ನೀರು ಹೋಗುವ ದೋಣಿ ಬಿಡಿಸಿ, ಅಲುಗುವ ಕಲ್ಲಿಗೆ ಕಲ್ಲುಕೆತ್ತನೆಯ ಸಿಲಾವಟರನ್ನು ಕರೆಸುವ ಕೆಲಸ ತಲೆಮಾರುಗಳಿಂದ ಮನೆವಾರ್ತೆಯ ಭಾಗವಾಗಿತ್ತು. ಅದಕ್ಕೆ ಟೆಂಡರು ಬೇಕಿರಲಿಲ್ಲ.

ಹಾಗಾದರೆ ಎಂಟು ಶತಮಾನ ಜನರನ್ನು ಹೊತ್ತು ನಿಂತ ಕೋಟೆ ಈಗೇಕೆ ಕುಸಿಯುತ್ತಿದೆ? ನೀರಿನಿಂದ. ಇದು ಖಾಲಿ ಮಾಡಿಸುವ ವಾದದವರೂ ಒಪ್ಪುವ ಸಂಗತಿ. ಆದರೆ ಯಾರ ನೀರು, ಎಂದಿನಿಂದ ಎಂಬ ಪ್ರಶ್ನೆಗಳನ್ನು ಅವರು ಮುಂದಕ್ಕೆ ಕೇಳುವುದಿಲ್ಲ.

ವರ್ಷಕ್ಕೆ ಸುಮಾರು 15ರಿಂದ 20 ಸೆಂಟಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ನೀರಿನ ಲೆಕ್ಕ ಮೊದಲು ಬೇರೆಯೇ ಇತ್ತು. ಕೋಟೆಯೊಳಗೆ ಬಾವಿಗಳಿದ್ದರೂ ಮುಖ್ಯ ಆಸರೆ ಗುಡ್ಡದ ಕೆಳಗಿನ ಗಡೀಸರ್ ಕೆರೆ. 14ನೆಯ ಶತಮಾನದಲ್ಲಿ ರಾವಲ್ ಗಡಸಿ ಅದನ್ನು ಕಟ್ಟಿಸಿ ಹಿಗ್ಗಿಸಿದ. ಅಲ್ಲಿಂದ ಕೊಡ ಹೊತ್ತು ಗುಡ್ಡ ಹತ್ತಿದವರು ಹೆಂಗಸರು. ತಲೆಯ ಮೇಲೆ ಬಂದ ನೀರನ್ನು ಯಾರೂ ನೆಲಕ್ಕೆ ಚೆಲ್ಲುವುದಿಲ್ಲ: ಮೈತೊಳೆದ ನೀರು ನೆಲ ಸಾರಿಸಲು, ಅದು ಮುಗಿದರೆ ದನದ ಬಾನಿಗೆ. ಬಿದ್ದ ಮಳೆಯನ್ನು ಗುಡ್ಡದಿಂದ ನಾಲ್ಕೂ ದಿಕ್ಕಿಗೆ ಹೊರಹಾಕಲು ಘೂಟ್ ನಾಲಿ ಎಂಬ ಕಾಲುವೆಗಳ ಏರ್ಪಾಡಿತ್ತು. ಒಳಗೆ ಬರುವ ನೀರು ತೀರಾ ಕಡಿಮೆ, ಹೊರಗೆ ಹೋಗುವ ದಾರಿ ಸಾಕಷ್ಟು. ಕೋಟೆ ನಿಂತಿದ್ದು ಈ ಲೆಕ್ಕದ ಮೇಲೆ. ಏಕೆಂದರೆ ಗುಡ್ಡ ಗಟ್ಟಿ ಬಂಡೆಯದ್ದಲ್ಲ. ಮರಳುಗಲ್ಲಿನ ಪದರಗಳ ನಡುವೆ ಜೇಡಿಯ ಪದರಗಳಿವೆ. ಜೇಡಿ ಒಣಗಿರುವಷ್ಟು ದಿನ ಹೊರೆ ಹೊರುತ್ತದೆ. ನೆನೆದರೆ ಉಬ್ಬುತ್ತದೆ, ಜಾರುತ್ತದೆ, ಮತ್ತೆ ಒಣಗಿದಾಗ ಕುಗ್ಗುತ್ತದೆ. ಮೇಲಿನ ಗಾರೆಯಿಲ್ಲದ ಗೋಡೆ ಆ ಏರಿಳಿತವನ್ನು ತಾಳುವುದು ಕಷ್ಟ.

ಸ್ವಾತಂತ್ರ್ಯದ ನಂತರ ನಲ್ಲಿ ಬಂತು. ಆಮೇಲೆ ಇಂದಿರಾ ಗಾಂಧಿ ಕಾಲುವೆ ಜಿಲ್ಲೆಗೆ ತಲುಪಿ ನೀರು ಇನ್ನಷ್ಟು ಸಲೀಸಾಯಿತು. ನೀರನ್ನು ಮೇಲಕ್ಕೆ ಏರಿಸುವಾಗ ತೋರಿದ ಉತ್ಸಾಹ ಅದನ್ನು ಕೆಳಗೆ ಇಳಿಸುವಾಗ ಕಾಣಲಿಲ್ಲ. ತೆರೆದ ಚರಂಡಿಗಳು ಮಳೆಯ ನೀರಿಗೆಂದು ಇದ್ದವು. ಅವುಗಳಿಗೇ ಬಚ್ಚಲಿನ ನೀರನ್ನು ತಿರುಗಿಸಲಾಯಿತು. ನಂತರ ಹಾಕಿದ ಒಳಚರಂಡಿಯ ಕೊಳವೆಗಳಲ್ಲೂ ಸೋರಿಕೆ ಕಂಡಿತು. ಕಣ್ಣಿಗೆ ಕಾಣದೆ ಗುಡ್ಡದೊಳಕ್ಕೆ ಇಳಿದ ಆ ನೀರೇ ಬುರುಜುಗಳ ಬುಡವನ್ನು ಮೆತ್ತಗೆ ಮಾಡಿತು. ಇಲ್ಲಿ ತಪ್ಪಿದ್ದು ಎಂಜಿನಿಯರಿಂಗ್. ನಲ್ಲಿಯ ಜೊತೆಗೆ ಚರಂಡಿಯನ್ನು ಸರಿಯಾಗಿ ಕೊಡದ ಆಡಳಿತ, ನೀರು ಕುಡಿದವರ ಮೇಲೆ ಗೂಬೆ ಕೂರಿಸುತ್ತಿದೆ.

ಬಳಕೆಯಲ್ಲಿಯೂ ಎಲ್ಲರ ಪಾಲು ಸಮವಲ್ಲ. ಈ ಕೋಟೆಯ ಸುತ್ತ ಹೆಣೆದ ಸತ್ಯಜಿತ್ ರಾಯ್ ಅವರ ‘ಸೋನಾರ್ ಕೆಲ್ಲಾ’ 1971ರಲ್ಲಿ ಕಾದಂಬರಿಯಾಗಿ, 1974ರಲ್ಲಿ ಸಿನಿಮಾ ಆಗಿ ಬಂದ ಮೇಲೆ ಬಂಗಾಳದಿಂದ ಪ್ರವಾಸಿಗರ ಸಾಲು ಹತ್ತಿತು. ರೈಲು 1968ರ ಸುಮಾರಿಗೇ ಜೈಸಲ್ಮೇರಿಗೆ ಬಂದಿತ್ತು. ವಿದೇಶಿಯರೂ ಬರತೊಡಗಿದರು. ಕೋಟೆಯ ಬುರುಜಿನ ಮೇಲಿನ ಕೋಣೆಯಿಂದ ಸೂರ್ಯಾಸ್ತ ನೋಡುವ ಆಸೆಗೆ ಬೆಲೆ ಬಂತು. ಹತ್ತಾರು ಮನೆಗಳು ಅತಿಥಿಗೃಹಗಳಾದವು. ಪ್ರತಿ ಕೋಣೆಗೆ ಹೊಂದಿಕೊಂಡು ಶೌಚಾಲಯ, ಷವರು, ದಿನವೂ ಒಗೆಯುವ ಹಾಸು ಹೊದಿಕೆ. ಆರು ಜನರ ಸಂಸಾರ ಒಂದು ಬಚ್ಚಲಲ್ಲಿ ಮುಗಿಸುವ ಕೆಲಸಕ್ಕೆ ಹೋಟೆಲಿನಲ್ಲಿ ಆರು ಬಚ್ಚಲು ಬೇಕು. ಅತಿಥಿಗೃಹ ನಡೆಸುವವರಲ್ಲಿ ಕೆಲವರು ಕೋಟೆಯ ಹಳೆಯ ಮನೆತನದವರೇ, ಕೆಲವರು ಹೊರಗಿನಿಂದ ಬಂದು ಬಾಡಿಗೆಗೆ ಹಿಡಿದವರು. ಹಳಬರು ಅನುಮತಿಯಿಲ್ಲದೆ ಮೇಲೊಂದು ಅಂತಸ್ತು ಏರಿಸಿದ್ದೂ ಉಂಟು, ಕಬ್ಬಿಣದ ತೊಲೆ, ಸಿಮೆಂಟಿನ ಚಾವಣಿ ಹಾಕಿದ್ದೂ ಉಂಟು. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅದಕ್ಕೆ ಶಿಕ್ಷೆ ಕೊಡುವುದಾದರೆ ಅಂತಸ್ತಿಗೆ, ತೊಲೆಗೆ, ಕೋಣೆಗಳ ಸಂಖ್ಯೆಗೆ ಕೊಡಲಿ. ಇಡೀ ಕೇರಿಯನ್ನು ಎಬ್ಬಿಸುವ ವಾದ, ಒಂದೇ ಬಚ್ಚಲಿನ ಸಂಸಾರಕ್ಕೂ ಇಪ್ಪತ್ತು ಕೋಣೆಯ ಹೋಟೆಲಿಗೂ ಒಂದೇ ತಕ್ಕಡಿ ಹಿಡಿಯುತ್ತದೆ.

ಜನರೇಕೆ ಸಿಮೆಂಟಿಗೆ ಇಳಿದರು ಎಂಬುದಕ್ಕೂ ಕಾರಣವಿದೆ. ಕೋಟೆ ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಹೊಲದ ನಡುವೆ ಒಂಟಿಯಾಗಿ ನಿಂತ ಗುಡಿಗೆ ಇದು ಹೊಂದುತ್ತದೆ. ಮನೆಗಳೇ ತುಂಬಿರುವ ಕೋಟೆಯಲ್ಲಿ ಇದರ ಅರ್ಥ, ತೊಲೆ ಬದಲಿಸಲೂ ಅರ್ಜಿ, ನಕ್ಷೆ, ಕಾಯುವಿಕೆ. ಅಡುಗೆಮನೆಯ ಚಾವಣಿ ಜೋತುಬಿದ್ದವನು ಕಡತ ತಿರುಗಿ ಬರುವ ತನಕ ಮಳೆಯನ್ನು ನಿಲ್ಲಿಸಲಾರ. ಅವನು ರಾತ್ರೋರಾತ್ರಿ, ಸಿಕ್ಕ ಸಿಮೆಂಟಿನಲ್ಲಿ, ಸಿಕ್ಕ ಮೇಸ್ತ್ರಿಯಿಂದ ಕೆಲಸ ಮುಗಿಸುತ್ತಾನೆ; ಸುಣ್ಣದ ಗಾರೆ ಅರೆದು ನಿಧಾನವಾಗಿ ಮಾಡುವ ಸರಿಯಾದ ದುರಸ್ತಿ ಕದ್ದು ಮಾಡುವ ಕೆಲಸವಲ್ಲ. ನಿಯಮ ಒಳ್ಳೆಯ ದುರಸ್ತಿಯನ್ನು ತಡೆದು ಕೆಟ್ಟ ದುರಸ್ತಿಯನ್ನು ಬೆಳೆಸಿದೆ. ಆಮೇಲೆ ಆ ಕೆಟ್ಟ ದುರಸ್ತಿಯನ್ನೇ ಜನರ ಬೇಜವಾಬ್ದಾರಿಗೆ ಸಾಕ್ಷಿಯೆಂದು ತೋರಿಸಲಾಗುತ್ತದೆ.

ಖಾಲಿಯಾದ ಊರು ಏನಾಗುತ್ತದೆ ಎಂದು ಊಹಿಸುವ ಅಗತ್ಯವಿಲ್ಲ. ಜೈಸಲ್ಮೇರಿನಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ ಕುಲಧರಾ ಇದೆ. ಪಾಲಿಯಿಂದ ವಲಸೆ ಬಂದ ಪಾಲಿವಾಲ ಬ್ರಾಹ್ಮಣರು ಸುಮಾರು 13ನೆಯ ಶತಮಾನದಲ್ಲಿ ಕಾಕಣಿ ಹೊಳೆಯ ದಂಡೆಯಲ್ಲಿ ನೆಲೆಯೂರಿದ ಊರು. ಇಂದು ಅದು ಟಿಕೆಟ್ ಕೊಟ್ಟು ನೋಡುವ ಹಾಳೂರು, ಜೊತೆಗೆ ದೇಶಕ್ಕೆಲ್ಲ ಹೆಸರಾದ ‘ದೆವ್ವದ ಊರು’. ಮಾರ್ಗದರ್ಶಿಗಳು ಹೇಳುವ ಕತೆ ಎಲ್ಲರಿಗೂ ಬಾಯಿಪಾಠ: ಜೈಸಲ್ಮೇರಿನ ದಿವಾನ ಸಾಲಿಂ ಸಿಂಗ್ ಮುಖಂಡನ ಮಗಳ ಮೇಲೆ ಕಣ್ಣು ಹಾಕಿದ, ಮಾನ ಉಳಿಸಿಕೊಳ್ಳಲು 84 ಹಳ್ಳಿಗಳ ಪಾಲಿವಾಲರು ಒಂದೇ ರಾತ್ರಿ ಊರು ಬಿಟ್ಟರು, ಇಲ್ಲಿ ಮತ್ತಾರೂ ಬಾಳದಿರಲಿ ಎಂದು ಶಾಪ ಹಾಕಿದರು.

ದಾಖಲೆಗಳು ಈ ರಾತ್ರಿಯನ್ನು ಒಪ್ಪುವುದಿಲ್ಲ. ಬ್ರಿಟಿಷ್ ಅಧಿಕಾರಿ ಜೇಮ್ಸ್ ಟಾಡ್ 1815ರ ಸುಮಾರಿಗೆ ಬಲ್ಲವರಿಂದ ಕೇಳಿ ಬರೆದುಕೊಂಡ ಲೆಕ್ಕದಲ್ಲಿ ಕುಲಧರಾದಲ್ಲಿ 200 ಮನೆಗಳಿದ್ದವು. ಸಾಲಿಂ ಸಿಂಗ್ ಸತ್ತದ್ದು 1820ರ ದಶಕದಲ್ಲಿ. ಆದರೆ 1890ರ ಹೊತ್ತಿಗೂ ಅಲ್ಲಿ 37 ಜನ ಇದ್ದರು. ಒಂದೇ ರಾತ್ರಿ ಎದ್ದುಹೋದ ಊರಿನಲ್ಲಿ ಮುಕ್ಕಾಲು ಶತಮಾನದ ನಂತರ 37 ಜನ ಸಿಗುವುದಿಲ್ಲ. ಬಾವಿಗಳು ಒಂದೊಂದಾಗಿ ಬತ್ತಿದವು, ದರ್ಬಾರಿನ ತೆರಿಗೆ ಹಿಂಡಿತು, ಜನ ಮನೆಮನೆಯಾಗಿ ಬೇರೆಡೆಗೆ ಸರಿದರು. ಇತಿಹಾಸಕಾರರು ಹೇಳುವುದು ಇದನ್ನೇ. ಭೂಕಂಪವೂ ಕಾರಣವಿರಬಹುದು ಎಂದು ಭೂವಿಜ್ಞಾನಿಗಳು ಈಚೆಗೆ ಸೂಚಿಸಿದ್ದಾರೆ. ಸಾಲಿಂ ಸಿಂಗನ ದುರಾಸೆಯನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಅವನ ತೆರಿಗೆ ವಸೂಲಿಯ ಕ್ರೌರ್ಯ ಸಾಕಷ್ಟು ಪ್ರಸಿದ್ಧ. ಆದರೆ ದೆವ್ವ ಅವನ ಸೃಷ್ಟಿಯಲ್ಲ, ಪ್ರವಾಸೋದ್ಯಮದ್ದು.

ದೆವ್ವದ ಕತೆ ನುಂಗಿಹಾಕಿದ್ದು ಪಾಲಿವಾಲರ ನಿಜವಾದ ಸಾಧನೆಯನ್ನು. ಖಡೀನ್ ಎಂಬ ಬೇಸಾಯ ಪದ್ಧತಿಯನ್ನು ಈ ಸೀಮೆಯಲ್ಲಿ ಪಳಗಿಸಿದವರು ಅವರು. ಕಲ್ಲುನೆಲದ ಇಳಿಜಾರಿನಿಂದ ಹರಿದು ಬರುವ ಮಳೆನೀರಿಗೆ ತಗ್ಗಿನಲ್ಲಿ ಉದ್ದನೆಯ ಮಣ್ಣಿನ ಏರಿ ಹಾಕುತ್ತಾರೆ. ನೀರು ಹೊಲದಲ್ಲೇ ನಿಂತು ಇಂಗುತ್ತದೆ. ಹೆಚ್ಚಾದದ್ದು ಕೋಡಿಯಲ್ಲಿ ಹೋಗುತ್ತದೆ. ಮಳೆಗಾಲ ಮುಗಿದು ನೀರು ಇಳಿದ ಮೇಲೆ ಉಳಿದ ಹಸಿಯಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಮೇಲಿನಿಂದ ಒಂದು ಹನಿ ನೀರಾವರಿ ಇಲ್ಲ. ಹಿಂಗಾರಿ ಕಡಲೆ ಬೆಳೆಯುವ ಧಾರವಾಡ, ವಿಜಯಪುರದ ರೈತನಿಗೆ ಇದರ ಜಾಣ್ಮೆ ತಕ್ಷಣ ತಿಳಿದೀತು, ಅದೂ ಅವನ ಹೊಲಕ್ಕಿಂತ ತೀರಾ ಕಡಿಮೆ ಮಳೆಯಲ್ಲಿ. ಖಡೀನುಗಳು ಜೈಸಲ್ಮೇರ್ ಸುತ್ತ ಇಂದಿಗೂ ಬೆಳೆ ಕೊಡುತ್ತಿವೆ, ಏಕೆಂದರೆ ಏರಿಗೆ ಮಣ್ಣು ಹಾಕುವ ಜನ ಅಲ್ಲಿದ್ದಾರೆ. ಕುಲಧರಾದಲ್ಲಿ ಜನವಿಲ್ಲ, ಆದ್ದರಿಂದ ಅಲ್ಲಿ ಕತೆ ಮಾತ್ರ ಬೆಳೆಯುತ್ತದೆ. ಅಲ್ಲಿನ ಕೆಲವು ಮನೆಗಳನ್ನು ಹೊಸದಾಗಿ ಕಟ್ಟಿ ತೋರಿಸಲಾಗಿದೆ. ನೋಡಲು ಅಚ್ಚುಕಟ್ಟಾಗಿವೆ. ಒಲೆಯ ಮಸಿ ಮಾತ್ರ ಎಲ್ಲಿಯೂ ಇಲ್ಲ.

ಕನ್ನಡಿಗರಿಗೆ ಇದರ ಪಾಠ ಹಂಪಿಯಲ್ಲೇ ಸಿಕ್ಕಿದೆ. ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ನೂರಾರು ಕುಟುಂಬಗಳನ್ನು 2011ರ ಜುಲೈನಲ್ಲಿ ತೆರವು ಮಾಡಲಾಯಿತು. ಕಂಬಗಳ ನಡುವೆ ಅವರು ಗೋಡೆ ಎಬ್ಬಿಸಿದ್ದು, ಶಿಲ್ಪಕ್ಕೆ ಬಣ್ಣ ಬಳಿದದ್ದು ಸುಳ್ಳಲ್ಲ. ಆದರೆ ವಿಜಯನಗರದ ಕಾಲದಲ್ಲೂ ಆ ಬೀದಿ ಬಜಾರೇ ಆಗಿತ್ತು. ಗೋಡೆ ಕೆಡವಿ ಬಜಾರನ್ನು ಉಳಿಸುವ ದಾರಿಯನ್ನು ಹುಡುಕಬಹುದಿತ್ತು. ಜೆಸಿಬಿ ಸುಲಭವಾಗಿ ಕಂಡಿತು. ಪುನರ್ವಸತಿಗೆ ತೋರಿಸಿದ ಕಡ್ಡಿರಾಂಪುರ ಗುಡಿಯಿಂದ ದೂರ, ಗಿರಾಕಿಯಿಂದ ಇನ್ನೂ ದೂರ.

ಜೈಸಲ್ಮೇರಿನ ಕೆಳಗಿನ ಊರನ್ನು ನೋಡಿದರೂ ವಾಸದ ಮನೆಗೂ ಕಸುಬಿಗೂ ಇರುವ ನಂಟು ತಿಳಿಯುತ್ತದೆ. 19ನೆಯ ಶತಮಾನದ ಆರಂಭದಲ್ಲಿ ಗುಮಾನ್ ಚಂದ್ ಪಟ್ವಾ ಎಂಬ ವರ್ತಕ ಆರಂಭಿಸಿದ ಐದು ಹವೇಲಿಗಳ ಸಾಲು ಇಂದು ವಾಸದ ಮನೆಯಲ್ಲ. ಕೆಲವು ಸರ್ಕಾರದ ವಶದಲ್ಲಿವೆ, ಒಂದರಲ್ಲಿ ಖಾಸಗಿ ಸಂಗ್ರಹಾಲಯವಿದೆ. ಕಲ್ಲನ್ನು ಜಾಲರಿಯಂತೆ ಕೊರೆದ ಝರೋಖಾ ಎಂಬ ಚಾಚುಕಿಟಕಿಗಳು ಬೆರಗು ಹುಟ್ಟಿಸುತ್ತವೆ, ನಿಜ. ಅಲ್ಲಿಂದ ಸ್ವಲ್ಪ ದೂರದ ನಥ್ಮಲ್ ಹವೇಲಿಯನ್ನು ಹಾಥಿ, ಲಾಲೂ ಎಂಬ ಅಣ್ಣತಮ್ಮಂದಿರು ಎಡಬಲಗಳನ್ನು ಹಂಚಿಕೊಂಡು ಕಟ್ಟಿ 1885ರಲ್ಲಿ ಮುಗಿಸಿದರು. ಎರಡೂ ಬದಿ ಒಂದೇ ತರಹ ಎನಿಸಿದರೂ ಗಮನಿಸಿದರೆ ಒಂದರಂತೆ ಇನ್ನೊಂದಿಲ್ಲ. ಇವರು ಸಿಲಾವಟರು, ಕಲ್ಲುಕೆತ್ತನೆಯ ಮುಸ್ಲಿಂ ಸಮುದಾಯದವರು; ವೈಷ್ಣವ, ಜೈನ ಧನಿಕರ ಮನೆಗಳನ್ನು ಕಟ್ಟಿದ ಕೈ ಇವರದು. ಸಿಂಧಿನ ಕಡೆಗಿನ ಒಂಟೆ ಸಾರ್ಥಗಳ ವ್ಯಾಪಾರ ಬಂದರು ಮತ್ತು ರೈಲುಗಳಿಂದಾಗಿ ಕುಗ್ಗಿದಾಗ ಅವರಲ್ಲಿ ಅನೇಕರು ಕೆಲಸ ಹುಡುಕಿಕೊಂಡು ಕರಾಚಿಗೆ ಹೋದರು. 1947ರಲ್ಲಿ ನಡುವೆ ಗಡಿ ಬಿತ್ತು. ಜೈಸಲ್ಮೇರಿ ಸಿಲಾವಟರ ಕೇರಿಗಳು ಈಗ ಎರಡು ದೇಶಗಳಲ್ಲಿವೆ. ಒಡೆದ ಝರೋಖಾವನ್ನು ಮತ್ತೆ ಕೂರಿಸಲು ಬೇಕಾದ ಕಲ್ಲು ಇಂದಿಗೂ ಗಣಿಯಲ್ಲಿ ಸಿಗುತ್ತದೆ. ಕೈ ಸಿಗುವುದು ದುರ್ಲಭ. ಕಸುಬು ಉಳಿಯುವುದು ಕಸುಬಿಗೆ ನಿತ್ಯ ಕೆಲಸವಿದ್ದರೆ, ಆ ನಿತ್ಯದ ಕೆಲಸ ಕೊಡುವವರು ವಾಸದ ಮನೆಯವರು. ದಶಕಕ್ಕೊಮ್ಮೆ ಬರುವ ಜೀರ್ಣೋದ್ಧಾರದ ಗುತ್ತಿಗೆಯನ್ನು ನಂಬಿ ಯಾವ ಸಿಲಾವಟನೂ ಮಗನಿಗೆ ಉಳಿ ಹಿಡಿಯುವುದನ್ನು ಕಲಿಸುವುದಿಲ್ಲ.

ಮರುಭೂಮಿಯ ಗಡಿನಾಡನ್ನು ಖಾಲಿ ಜಾಗವೆಂದು ಎಣಿಸುವ ಕಣ್ಣೇ ಕೋಟೆಯನ್ನೂ ಖಾಲಿಯಾಗಿ ನೋಡಬಯಸುತ್ತದೆ. 2011ರ ಜನಗಣತಿಯಂತೆ ಜೈಸಲ್ಮೇರ್ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 17 ಜನ. ಈ ಅಂಕಿ ನೋಡಿ ದೂರದ ಕಚೇರಿಗಳು ಇಲ್ಲಿ ಏನೂ ಇಲ್ಲವೆಂದು ತೀರ್ಮಾನಿಸುತ್ತವೆ. ಹಳ್ಳಿಗರು ದೇವರ ಹೆಸರಿನಲ್ಲಿ ಕೊಡಲಿ ಮುಟ್ಟಿಸದೆ ಕಾದ ಓರಣ್ ಎಂಬ ದೇವರಕಾಡುಗಳು ಕಂದಾಯದ ಪುಸ್ತಕದಲ್ಲಿ ಬಂಜರು ಎಂದು ನಮೂದಾಗಿ ಸೌರ ವಿದ್ಯುತ್ತಿನ ಯೋಜನೆಗಳ ಪಾಲಾಗುತ್ತಿರುವುದು ಇದರಿಂದಲೇ. ಪ್ರವಾಸದ ವೇಳಾಪಟ್ಟಿಯಲ್ಲೂ ಇದೇ ನೋಟ: ಬೆಳಗ್ಗೆ ಕೋಟೆ, ಮಧ್ಯಾಹ್ನ ದೆವ್ವದ ಊರು, ಸಂಜೆ ಸಮ್ ಮರಳುದಿಬ್ಬದ ಮೇಲೆ ಒಂಟೆ, ಮರುದಿನ 1971ರ ಲೋಂಗೇವಾಲಾ ಯುದ್ಧಭೂಮಿ. ಎಲ್ಲಿಯೂ ಇಲ್ಲಿನವರ ಜೊತೆ ಮಾತಿಗೆ ಬಿಡುವಿಲ್ಲ. ಮರಳುದಿಬ್ಬದ ಡೇರೆಯಲ್ಲಿ ಹಾಡುವ ಮಾಂಗಣಿಯಾರರು ತಮ್ಮ ಹಿಂದೂ ಯಜಮಾನರ ಮನೆಯ ಮದುವೆ, ಹೆರಿಗೆಗಳಲ್ಲಿ ವಂಶಾವಳಿ ಹಾಡುವ ಮುಸ್ಲಿಂ ಗಾಯಕರು ಎಂಬುದನ್ನು ಕೇಳುವ ವ್ಯವಧಾನ ಎಷ್ಟು ಮಂದಿಗಿದೆ?

2013ರಲ್ಲಿ ಯುನೆಸ್ಕೊ ರಾಜಸ್ಥಾನದ ಆರು ಗಿರಿದುರ್ಗಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಚಿತ್ತೋಡ, ಕುಂಭಲ್‌ಗಢ, ರಣಥಂಬೋರ್, ಗಾಗರೋನ್, ಆಮೇರ್‌ಗಳ ಜೊತೆ ಜೈಸಲ್ಮೇರೂ ಸೇರಿತು. ಆರರಲ್ಲಿ ಇಷ್ಟು ದಟ್ಟವಾಗಿ ಜನ ಬಾಳುತ್ತಿರುವ ಕೋಟೆ ಇನ್ನೊಂದಿಲ್ಲ. ಅದನ್ನು ಖಾಲಿ ಮಾಡಿಸಿದರೆ ಇನ್ನೊಂದು ಖಾಲಿ ಕೋಟೆ ಸಿಗುತ್ತದೆ. ಹೊಸದಾಗಿ ಏನೂ ಸಿಗುವುದಿಲ್ಲ. ನೀರಿನ ಸೋರಿಕೆ ನಿಂತೀತು ಎಂಬ ವಾದ ಉಳಿಯುತ್ತದೆ. ಅದೂ ಅರ್ಧಸತ್ಯ. ಕೋಟೆಯನ್ನು ಅಲುಗಿಸುವ 2001ರ ಭುಜ್ ಭೂಕಂಪದಂಥದ್ದು ಇಲ್ಲಿನ ಜನರನ್ನು ಕೇಳಿ ಬರುವುದಿಲ್ಲ. ಈಚಿನ ವರ್ಷಗಳಲ್ಲಿ ಥಾರ್ ಸೀಮೆಯಲ್ಲಿ ಒಮ್ಮೆಲೇ ಸುರಿಯುತ್ತಿರುವ ಬಿರುಮಳೆಗೆ ಘೂಟ್ ನಾಲಿಗಳನ್ನು ಬಿಡಿಸುವವರು ಇನ್ನೂ ಹೆಚ್ಚು ಬೇಕು, ಕಡಿಮೆಯಲ್ಲ.

ಆಗಬೇಕಾದ ಕೆಲಸ ಗೊತ್ತಿಲ್ಲದ್ದೇನಲ್ಲ. ಮೊದಲು ಸೋರದ ಒಳಚರಂಡಿ, ಮನೆಮನೆಗೆ ಜೋಡಣೆ ಸಹಿತ. ಆಮೇಲೆ ಮೇಲಕ್ಕೆ ಏರುವ ನೀರನ್ನೂ ಕೆಳಗಿಳಿಯುವ ನೀರನ್ನೂ ಅಳೆದು ಹೋಲಿಸುವ ಲೆಕ್ಕ. ನಡುವೆ ಕಾಣೆಯಾದದ್ದೆಲ್ಲ ಗುಡ್ಡಕ್ಕೆ ಇಳಿದ ನೀರು. ಕೋಟೆಯೊಳಗಿನ ಬಾಡಿಗೆ ಕೋಣೆಗಳ ಸಂಖ್ಯೆಗೆ ಮಿತಿ, ಅನಧಿಕೃತ ಅಂತಸ್ತುಗಳ ತೆರವು. ಸುಣ್ಣದ ಗಾರೆ, ಸ್ಥಳೀಯ ಕಲ್ಲಿನಲ್ಲಿ ಮಾಡುವ ಚಿಕ್ಕ ದುರಸ್ತಿಗೆ ಕೆಲವೇ ದಿನಗಳಲ್ಲಿ ಅನುಮತಿ, ಬಡ ಮನೆಗಳಿಗೆ ಧನಸಹಾಯ. ಇದಕ್ಕೆ ಹಣ ಎಲ್ಲಿಂದ ಎನ್ನುವವರು, ಸಾವಿರಾರು ಜನರ ಪುನರ್ವಸತಿಗೆ ಹಣ ಎಲ್ಲಿಂದ ಬರುತ್ತದೆಂದು ಮೊದಲು ಹೇಳಲಿ.

ಕರ್ನಾಟಕದಿಂದ ಜೈಸಲ್ಮೇರಿಗೆ ಹೊರಡುವವರು ಕೆಳಗಿನ ಊರಿನಲ್ಲಿ ಕೋಣೆ ಹಿಡಿಯಲಿ, ಕೋಟೆಗೆ ಹಗಲಿನಲ್ಲಿ ಹತ್ತಲಿ, ಊಟವನ್ನೋ ಉಡುಗೊರೆಯನ್ನೋ ಪಾಡಾದ ಮನೆಯವರಿಂದ ಕೊಳ್ಳಲಿ. ಒಣಹಾಕಿದ ಸೀರೆ ಫೋಟೋದಲ್ಲಿ ಬಂದರೆ ಬರಲಿ.